ಬೆಕ್ಕಿನ ಕಣ್ಣಿನ ಹಳದಿ

ಬಣ್ಣದಕ್ಕ ಬಣ್ಣಗಳಿಗೆ ಇಟ್ಟ ಹೆಸರುಗಳು ಯಾವ ಡಬ್ಬಿಯ ಮೇಲೂ ಅಚ್ಚಾಗಿರಲಿಲ್ಲ. ಒಂದನ್ನು ಅವಳು ‘ಒದ್ದೆ ಇಟ್ಟಿಗೆ’ ಎನ್ನುತ್ತಿದ್ದಳು, ಇನ್ನೊಂದನ್ನು ‘ಮುನಿಸಿಕೊಂಡ ನೀಲಿ’. ಮಾಸಲು ಬಿಳಿಯಲ್ಲೇ ಅವಳಿಗೆ ಏಳು ಬಗೆ. ಹಳೇ ಗೋಡೆ, ಹಸುವಿನ ಹಲ್ಲು, ತಣ್ಣಗಾದ ಗಂಜಿ, ಹೀಗೆ. ಟೈಲರುಗಳು ಒಂದು ಚೂರು ಬಟ್ಟೆ ಹಿಡಿದುಕೊಂಡು, ಅವಳು ಕೆಲಸ ಮಾಡುತ್ತಿದ್ದ ಬಟ್ಟೆಗೆ ಬಣ್ಣ ಹಾಕುವ ಅಂಗಡಿಗೆ ಬಂದು, “ಇದೇ ಬಣ್ಣ ಬೇಕು ಅಕ್ಕ, ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು” ಎಂದರೆ, ಅವಳು ಆ ಚೂರನ್ನು ಕೈಗೆ ತೆಗೆದುಕೊಂಡು ಮೊದಲು ಮಾಡುತ್ತಿದ್ದ ಕೆಲಸ ಹೊಸ್ತಿಲಿಗೆ ನಡೆದು ಬರುವುದು. ಒಳಗೆ ಉರಿಯುವ ಬಲ್ಬಿನ ಕೆಳಗೆ ಅವಳು ಬಣ್ಣ ನೋಡಿದ್ದನ್ನು ಯಾರೂ ಕಂಡಿರಲಿಲ್ಲ.

“ಬಲ್ಬು ಚಾಡಿಕೋರ. ಒಂದಕ್ಕೆ ಇನ್ನೊಂದು ಸೇರಿಸಿ ಹೇಳುತ್ತೆ” ಎನ್ನುತ್ತಿದ್ದಳು.

ಮೋಡ ಕವಿದ ದಿನ ಅವಳು ನಮೂನೆಯನ್ನು ಮುಟ್ಟುತ್ತಲೇ ಇರಲಿಲ್ಲ. ಗಿರಾಕಿಗಳು ಗೊಣಗುತ್ತಾ ಹಿಂದಿರುಗಬೇಕಾಗುತ್ತಿತ್ತು. ಅಂಗಡಿಯ ಯಜಮಾನರು, ಎಪ್ಪತ್ತು ದಾಟಿದ ಮುದುಕರು, ತಲೆ ಚಚ್ಚಿಕೊಳ್ಳುತ್ತಿದ್ದರು. “ಈ ಅಂಗಡಿಗೆ ಇಬ್ಬರು ಯಜಮಾನರು ಕಣಪ್ಪ. ಒಬ್ಬ ನಾನು, ಇನ್ನೊಬ್ಬ ಸೂರ್ಯ. ಈಯಮ್ಮ ಕೇಳೋದು ಅವನ ಮಾತು ಮಾತ್ರ!”

ಹಂಡೆ ತೊಳೆಯುವ ಕೆಲಸಕ್ಕೆ ಬಂದವಳು ಅವಳು. ಶಾಲೆಯ ಮುಖ ನೋಡಿದ್ದು ನಾಲ್ಕು ವರ್ಷ. ಹಂಡೆಯ ತಳದಲ್ಲಿ ಉಳಿದ ಬಣ್ಣವನ್ನು ಉಜ್ಜುತ್ತಾ ಉಜ್ಜುತ್ತಾ ಯಾವುದಕ್ಕೆ ಏನು ಬೆರೆತಿದೆ ಎಂದು ತಾನಾಗಿ ಕಲಿತಳು. ಎಷ್ಟು ನೀರಿಗೆ ಎಷ್ಟು ಪುಡಿ, ಬಣ್ಣ ಹಿಡಿಯಲು ಎಷ್ಟು ಉಪ್ಪು, ಎಷ್ಟು ಹೊತ್ತು ಅದ್ದಬೇಕು, ಹೆಚ್ಚಿನ ಬಣ್ಣ ಬಿಟ್ಟು ನೀರು ತಿಳಿಯಾಗಲು ಎಷ್ಟು ಸಲ ಜಾಲಾಡಬೇಕು, ಎಲ್ಲಾ ಅವಳ ಬೆರಳ ತುದಿಯಲ್ಲಿತ್ತು. ಯಾರಾದರೂ ಹೊಗಳಿದರೆ, “ನನ್ನದೇನಿದೆ, ದೇವರು ಕೊಟ್ಟ ಕಣ್ಣು” ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದಳು. ಪ್ರತಿದಿನ ಮೊದಲ ಹಂಡೆಗೆ ಬಟ್ಟೆ ಇಳಿಸುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಗ ಯಜಮಾನರೂ ಮಾತು ನಿಲ್ಲಿಸುತ್ತಿದ್ದರು.

ಆ ಕಣ್ಣಿನ ಮೇಲೆ ಅವಳಿಗೆ ಒಂದು ಮುನಿಸೂ ಇತ್ತು. ಹನ್ನೊಂದು ವರ್ಷದ ಹಿಂದೆ, ಬೀಗ ರಿಪೇರಿ ಮಾಡುತ್ತಿದ್ದ ಅವಳ ಗಂಡ ಒಂದು ಬೆಳಿಗ್ಗೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಡಬ್ಬಿ ಕೇಳಿದ್ದ. ಬುತ್ತಿ ಡಬ್ಬಿ ಕೊಡುತ್ತಾ ಅವನ ಮುಖ ನೋಡಿದವಳಿಗೆ ಅವನ ಕಣ್ಣಿನ ಬಿಳಿ ‘ಹಳೇ ಪುಸ್ತಕದ ಹಾಳೆ’ ಆಗಿರುವುದು ಕಂಡಿತ್ತು. ಬೇರೆ ಯಾರಿಗೂ ಕಾಣದಷ್ಟು ಸಣ್ಣ ಬದಲಾವಣೆ. ಹೇಳಿದರೆ ರೇಗುತ್ತಾನೆ ಎಂದು ಸುಮ್ಮನಾದಳು. ನಾಳೆ ಆ ಬಣ್ಣ ತಾನಾಗಿ ಹೋಗಬಹುದು ಎಂದು ಕಾದಳು. ಹನ್ನೆರಡು ದಿನ ಕಾದಳು. ಅಷ್ಟರಲ್ಲಿ ಎಲ್ಲರಿಗೂ ಕಾಣುವಂತಾಯಿತು. ದೊಡ್ಡಾಸ್ಪತ್ರೆಯವರು ಯಕೃತ್ತು ಕೈಕೊಟ್ಟಿದೆ ಎಂದರು. ತಿಂಗಳು ತುಂಬುವ ಮೊದಲೇ ಅವನು ಹೋದ.

ಆಗ ಮಗಳಿಗೆ ಹದಿನೇಳು. ಒಂದು ದಿನ ಅವಳು, “ನಿನಗೆ ಯಾವಾಗ ಗೊತ್ತಾಯ್ತಮ್ಮ?” ಎಂದು ಕೇಳಿದಳು. ಬಣ್ಣದಕ್ಕ ಸುಳ್ಳು ಹೇಳಲಿಲ್ಲ. ಮಗಳು ಕಿರುಚಾಡಲಿಲ್ಲ, ಅಳಲೂ ಇಲ್ಲ. ಎದ್ದು ಹೋಗಿ ಪಾತ್ರೆ ತೊಳೆದಳು. ಆದರೆ ಅಂದಿನಿಂದ ‘ಹಳದಿ’ ಎಂಬ ಮಾತು ತಾಯಿ ಮಗಳ ನಡುವೆ ಬರಲೇ ಇಲ್ಲ. ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಆ ಮಾತನ್ನು ಆಡುವವಳು ಮೆಟ್ಟಿಲು ಹತ್ತಿ ಮನೆಗೆ ಬಂದರೆ, ಯಾವುದೋ ಬಟ್ಟೆಯನ್ನು ತೋರಿಸಿ, “ಆ ನಿಂಬೆ ಬಣ್ಣದ್ದು ಕೊಡು” ಎನ್ನುತ್ತಿದ್ದಳು. ಮಗಳೂ ಹಾಗೇ ಎನ್ನುತ್ತಿದ್ದಳು. ಹೀಗೇ ವರ್ಷಗಳು ಕಳೆದವು. ಮಗಳಿಗೆ ಮದುವೆಯಾಯಿತು, ಬೇಕರಿಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸವಾಯಿತು, ಲಾರಿ ಓಡಿಸುವ ಅಳಿಯ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ ಇರುವುದರಿಂದ ಎಲ್ಲರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ಉಳಿದರು.

ಮೊಮ್ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳು. ಮನೆಯವರು ಅವಳನ್ನು ಕರೆಯುತ್ತಿದ್ದದ್ದು ಚಿನಕುರಳಿ ಎಂದು. ಅವಳಮ್ಮ ಬೆಳಿಗ್ಗೆ ಆರಕ್ಕೆ ಹೋಗಿ ಸಂಜೆ ಐದಕ್ಕೆ ಬರುವವರೆಗೆ ಅವಳು ಅಜ್ಜಿಯ ಜೊತೆ ಅಂಗಡಿಯಲ್ಲೇ. ಚೂರು ಬಟ್ಟೆಗಳ ರಾಶಿಯ ಮೇಲೆ ಕುಳಿತು, ಟೈಲರುಗಳಿಗೆ ಬೇಡದ ಬಣ್ಣಗಳನ್ನು ದಾನ ಮಾಡುತ್ತಿದ್ದಳು.

ಅವಳಿಗೆ ಭೇದಿ ಶುರುವಾಗಿ ಎಂಟು ದಿನವಾಗಿತ್ತು. ಮೊದಲೆರಡು ದಿನ ಉಷ್ಣವಾಗಿರಬೇಕು ಎಂದರು, ಆಮೇಲೆ ಏನೋ ತಿಂದಿರಬೇಕು ಎಂದರು. ಬರುಬರುತ್ತಾ ನೀರಾಗಿ, ನಾರುತ್ತಾ, ದಿನಕ್ಕೆ ಏಳೆಂಟು ಸಲ ಆಗತೊಡಗಿದಾಗ ರಸ್ತೆಯ ತಿರುವಿನಲ್ಲಿದ್ದ ಚಿಕಿತ್ಸಾಲಯಕ್ಕೆ ಓಡಿದರು. ಅಲ್ಲಿನ ಡಾಕ್ಟರಮ್ಮ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣಗಳನ್ನು ಕೊಟ್ಟು, ಮಲ ಪರೀಕ್ಷೆಗೆ ಕಳಿಸಿದರು. ಸೋಮವಾರ ಸಂಜೆ ವರದಿ ಬಂತು.

“ಪರಾವಲಂಬಿ ಜೀವಿ ಸೇರಿಕೊಂಡಿದೆ” ಎಂದರು ಡಾಕ್ಟರಮ್ಮ. “ಅದಕ್ಕೇ ಅಂತ ಔಷಧಿ ಇದೆ. ಭೇದಿ ಅಂದ ತಕ್ಷಣ ಎಲ್ಲರಿಗೂ ಕೊಡೋದಲ್ಲ ಇದು. ಪರೀಕ್ಷೇಲಿ ಕಂಡಿದೆ, ಅದಕ್ಕೆ ಕೊಡ್ತಿದೀನಿ.”

“ಹುಳದ ಔಷಧೀನಾ?” ಎಂದು ಬಣ್ಣದಕ್ಕ ಕೇಳಿದಳು. “ಹುಳ ಅಂತೂ ಬಿದ್ದಿಲ್ಲ. ನಾನು ಬೆಳಕಿಗೆ ಹಿಡಿದು ನೋಡಿದೀನಿ.”

ಡಾಕ್ಟರಮ್ಮ ನಕ್ಕರು. “ಇದು ನಿಮ್ಮ ಕಣ್ಣಿಗೆ ಕಾಣೋ ಹುಳ ಅಲ್ಲ ಅಜ್ಜಿ. ಸೂಕ್ಷ್ಮದರ್ಶಕದ ಕೆಳಗಿಟ್ರೆ ಮಾತ್ರ ಕಾಣುತ್ತೆ. ಮಗು ಎಲ್ಲಾದ್ರೂ ಕೆಟ್ಟ ನೀರು ಕುಡೀತಾ?”

ಬಣ್ಣದಕ್ಕನಿಗೆ ತಟ್ಟನೆ ಡ್ರಮ್ಮು ನೆನಪಾಯಿತು. ಅಂಗಡಿಯ ಹಿಂದೆ ಬಟ್ಟೆ ಜಾಲಾಡಲು ನೀರು ತುಂಬಿಸಿಟ್ಟ ಡ್ರಮ್ಮು ಇತ್ತು. ಅದರ ನೀರು ಕನ್ನಡಿಯಂತೆ ತಿಳಿಯಾಗಿರುತ್ತಿತ್ತು. ಚಿನಕುರಳಿ ಅದಕ್ಕೆ ಲೋಟ ಅದ್ದಿದ್ದನ್ನು ಅವಳು ಎರಡು ಸಲ ನೋಡಿ ಗದರಿದ್ದಳು. ಮೂರನೆಯ ಸಲ ನೋಡಿರದೆ ಇರಬಹುದು.

ಔಷಧಿ ಪುಡಿಯ ರೂಪದಲ್ಲಿತ್ತು, ಬಾಟಲಿಯ ಮೇಲೆ ಒಂದು ಗೆರೆ. ಹೆಸರು ನೈಟಾಜೋಕ್ಸನೈಡ್. “ಇದನ್ನ ಹೇಳೋ ಹೊತ್ತಿಗೆ ಒಂದು ಥಾನು ಬಟ್ಟೆ ಅದ್ದಿ ಒಣಗಿಸಬಹುದು” ಎಂದಳು ಬಣ್ಣದಕ್ಕ. ಡಾಕ್ಟರಮ್ಮ ವಿವರಿಸಿದರು. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಬೇಕು. ಪ್ರತಿ ಸಲ ಚೆನ್ನಾಗಿ ಕುಲುಕಬೇಕು. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಮುಚ್ಚಳದಲ್ಲೇ ಐದು ಎಂಎಲ್ ಅಳೆಯಬೇಕು, ಅಡುಗೆ ಮನೆಯ ಚಮಚದಲ್ಲಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು, ಮೂರು ದಿನ. ಊಟದ ಜೊತೆಗೇ ಕೊಡಬೇಕು, ಬರೀ ಹೊಟ್ಟೆಗೆ ಬೇಡ. ಭೇದಿ ನಿಂತಂತೆ ಕಂಡರೂ ನಡುವೆ ಬಿಡಬಾರದು. ಉಪ್ಪು ಸಕ್ಕರೆಯ ನೀರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಏನಾದರೂ ಸಂಶಯ ಬಂದರೆ ಚೀಟಿಯ ಮೇಲಿನ ನಂಬರಿಗೆ ಫೋನು ಮಾಡಬೇಕು.

ಮನೆಗೆ ಬಂದು ಮಗಳು ಬಾಟಲಿಯನ್ನು ತಾಯಿಯ ಕೈಗಿಟ್ಟಳು. “ಅಳತೆ ನಿನ್ನ ಕೆಲಸ ಅಮ್ಮ. ನನ್ನ ಕೈ ನಡುಗುತ್ತೆ.”

ಬಣ್ಣದಕ್ಕ ಹಂಡೆಯ ಮುಂದೆ ನಿಲ್ಲುವಂತೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಬಾಟಲಿಯ ತಳವನ್ನು ಅಂಗೈಗೆ ತಟ್ಟಿ ಪುಡಿಯನ್ನು ಸಡಿಲ ಮಾಡಿದಳು. ಅರ್ಧ ನೀರು ಹಾಕಿ, ಗಂಟಿಲ್ಲದಂತೆ ಕುಲುಕಿ, ಆಮೇಲೆ ಗೆರೆಯವರೆಗೆ ತುಂಬಿದಳು. ಯಾರೂ ಹೇಳಿಕೊಡದಿದ್ದರೂ ಅವಳು ಬಣ್ಣದ ಪುಡಿ ಕರಗಿಸುತ್ತಿದ್ದದ್ದು ಹೀಗೇ. ಚಿನಕುರಳಿ ಮೂರು ತುತ್ತು ಅನ್ನ ತಿಂದು, ಔಷಧಿ ಕುಡಿದು, “ಸಿಹಿ ಇದೆ, ಇನ್ನೂ ಬೇಕು” ಎಂದಳು.

“ಇನ್ನೂ ಬೇಕಂತೆ! ಇದೇನು ಶರಬತ್ತಾ?” ಎಂದು ಮಗಳು ಎಂಟು ದಿನದಲ್ಲಿ ಮೊದಲ ಬಾರಿಗೆ ನಕ್ಕಳು.

ಮಂಗಳವಾರ ಬೆಳಿಗ್ಗೆ ಎರಡನೆಯ ಸಲ ಕೊಟ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ಭೇದಿ ಎರಡೇ ಸಲ ಆಗಿತ್ತು. ಬಣ್ಣದಕ್ಕ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದು, ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಬಚ್ಚಲಿಗೆ ಕಿಟಕಿ ಇರಲಿಲ್ಲ. ಅಲ್ಲಿದ್ದದ್ದು ಮಂಕಾಗಿ ಉರಿಯುವ ಹಳೆಯ ಬಲ್ಬು. ಮಗು ಮಗ್ಗಿನಲ್ಲಿ ಉಚ್ಚೆ ಹೊಯ್ಯಿತು. ಎತ್ತಿ ಚೆಲ್ಲಲು ಹೋದವಳ ಕೈ ಹಾಗೇ ನಿಂತಿತು.

ಹಳದಿ. ಯಾವಾಗಲೂ ಇರುವಂಥದ್ದಲ್ಲ, ಎದ್ದು ಹೊಡೆಯುವಂಥ ಹಳದಿ.

ಮಗುವಿನ ಕೆನ್ನೆ ಹಿಡಿದು, ರೆಪ್ಪೆಯನ್ನು ಕೆಳಗೆಳೆದು ಕಣ್ಣು ನೋಡಿದಳು. ಆ ಬಲ್ಬಿನ ಕೆಳಗೆ ಕಣ್ಣೂ ಹಳದಿಯಾಗಿಯೇ ಕಂಡಿತು. ಗೋಡೆಯೂ, ಟವೆಲ್ಲೂ, ಅವಳ ಕೈಯೂ ಹಳದಿಯಾಗಿಯೇ ಇದ್ದವು. ಆದರೆ ಅವಳು ಗೋಡೆಯನ್ನು ನೋಡಲಿಲ್ಲ, ಟವೆಲ್ಲನ್ನು ನೋಡಲಿಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ಮುಖವನ್ನು ನೋಡಿದಳು.

“ಅಜ್ಜೀ, ನೋಯುತ್ತೆ” ಎಂದು ಮಗು ಕೈ ಕೊಸರಿಕೊಂಡಿತು.

ಔಷಧಿ ಯಕೃತ್ತನ್ನು ತಿನ್ನುತ್ತಿದೆ ಎಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು. ಫೋನು ಮಾಡಬಹುದಿತ್ತು. ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದದ್ದು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ಫೋನು ಮಗಳ ಹತ್ತಿರ. ಮಗಳಿಗೆ ಹೇಳಬೇಕೆಂದರೆ ಆ ಮಾತನ್ನು ಬಾಯಿಂದ ಹೊರಡಿಸಬೇಕು. ಸಂಜೆ ಮಗಳು ಬಂದು, ಭೇದಿ ಕಡಿಮೆಯಾಗಿದ್ದು ಕೇಳಿ, ಚಪ್ಪಲಿ ಬಿಡುವುದನ್ನೂ ಮರೆತು ಮಗುವನ್ನು ಎತ್ತಿ ಮುದ್ದಾಡುವುದನ್ನು ನೋಡಿದಾಗ ಅವಳಿಗೆ ಆ ಮಾತನ್ನು ಆಡಲಾಗಲಿಲ್ಲ. ಹಿಂದೆ ಸುಮ್ಮನಿದ್ದು ಕೆಟ್ಟೆ, ಈ ಸಲ ಸುಮ್ಮನಿರುವುದಿಲ್ಲ ಎಂದು ಅವಳು ಅಂದುಕೊಂಡಳು. ಅಂದುಕೊಂಡು ಮಾಡಿದ್ದು ಮಾತ್ರ ಸುಮ್ಮನಿದ್ದುದಕ್ಕಿಂತ ಕೆಟ್ಟದ್ದು. ಏಳು ಗಂಟೆಗೆ ಮುಚ್ಚಳದಲ್ಲಿ ಐದು ಎಂಎಲ್ ಅಳೆದು, ಮಗಳು ಒಲೆಯ ಕಡೆ ತಿರುಗಿದ್ದಾಗ ಬಚ್ಚಲ ಮೋರಿಗೆ ಚೆಲ್ಲಿದಳು.

“ಕೊಟ್ಟೆಯಾ ಅಮ್ಮ?”

“ಹೂಂ.”

ಒಂದೇ ಅಕ್ಷರ. ಎಂದೂ ಸುಳ್ಳು ಹೇಳದವಳ ಮೊದಲ ಸುಳ್ಳು. ಬಾಟಲಿಯಲ್ಲಿ ಮಟ್ಟ ಸರಿಯಾಗಿ ಇಳಿದಿತ್ತು. ಅಳತೆಯಲ್ಲಿ ಅವಳ ಕೈ ತಪ್ಪುವುದಿಲ್ಲವಲ್ಲ.

ಬುಧವಾರ ಬೆಳಿಗ್ಗೆ ಮತ್ತೊಮ್ಮೆ ಚೆಲ್ಲಿದಳು. ಯಕೃತ್ತಿಗೆ ಭಾರವಾದೀತೆಂದು ಅನ್ನಕ್ಕೆ ಎಣ್ಣೆ, ಬೆಣ್ಣೆ, ಹಾಲು ಎಲ್ಲಾ ನಿಲ್ಲಿಸಿ ಬರೀ ಗಂಜಿಯ ತಿಳಿ ಕೊಟ್ಟಳು. ಉಪ್ಪು ಸಕ್ಕರೆಯ ನೀರನ್ನು ಮಾತ್ರ ಡಾಕ್ಟರಮ್ಮನ ಮಾತಿನಂತೆ ಕುಡಿಸುತ್ತಿದ್ದಳು. ಅದೊಂದನ್ನು ಅವಳು ಬಿಡಲಿಲ್ಲ. ಮಧ್ಯಾಹ್ನ ಬಚ್ಚಲಲ್ಲಿ ಮಗ್ಗು ಎತ್ತಿ ನೋಡಿದರೆ ಬಣ್ಣ ಇಳಿದಿತ್ತು. ಎಂದಿನ ಬಣ್ಣ. ಬಣ್ಣದಕ್ಕ ಗೋಡೆಗೆ ಒರಗಿ ನಿಂತು ಅತ್ತಳು. ನನ್ನ ಕಣ್ಣು ಸುಳ್ಳು ಹೇಳಲಿಲ್ಲ, ಔಷಧಿ ನಿಲ್ಲಿಸಿದ್ದೇ ಸರಿಯಾಯಿತು, ದೇವರೇ ನನ್ನ ಕೈ ತಡೆದ ಎಂದುಕೊಂಡಳು.

ಅವಳು ಇನ್ನೂ ಅಳುತ್ತಿರುವಾಗಲೇ ಮಗು ಹೊಟ್ಟೆ ಹಿಡಿದುಕೊಂಡು ಮತ್ತೆ ಕುಕ್ಕರಿಸಿತು. ಸಂಜೆಯೊಳಗೆ ಆರು ಸಲ. ಮಗಳು ಬರುವ ಹೊತ್ತಿಗೆ ಚಿನಕುರಳಿ ಚಾಪೆಯ ಮೇಲೆ ಹಸಿ ಬಟ್ಟೆಯಂತೆ ಬಿದ್ದಿದ್ದಳು.

“ನಿನ್ನೆ ಚೆನ್ನಾಗಿದ್ಲಲ್ಲಮ್ಮ! ಔಷಧಿ ಕೊಡ್ತಾನೇ ಇದೀಯ ತಾನೆ?”

“ಕೊಡ್ತಿದೀನಿ.”

ಆ ಸಂಜೆಯೂ ಅವಳು ಮೋರಿಗೇ ಚೆಲ್ಲಿದಳು. ಈಗ ಕೊಟ್ಟರೆ ಕಾಮಾಲೆ, ಕೊಡದಿದ್ದರೆ ಭೇದಿ. ಅಂಗಡಿ ಮುಚ್ಚುವ ಮುನ್ನ ಯಜಮಾನರು, “ಯಾಕಮ್ಮ, ಮುಖ ಜಾಲಾಡಿಬಿಟ್ಟ ಹಾಗಿದೆ? ಬಣ್ಣವೇ ಇಲ್ಲ” ಎಂದು ತಮಾಷೆ ಮಾಡಲು ನೋಡಿದರು. ಅವಳು ಮೆಟ್ಟಿಲು ಹತ್ತಿದ ಮೇಲೆ ಬಾಗಿಲು ಎಳೆದುಕೊಂಡರು.

ಗುರುವಾರ ಬೆಳಿಗ್ಗೆ ಮಗು ಅತ್ತಿತು, ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಮಗಳು ಕೆಲಸಕ್ಕೆ ಹೋಗಲಿಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಔಷಧಿಯ ಬಾಟಲಿ ಹಿಡಿದು ಚಿಕಿತ್ಸಾಲಯದ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತಳು. ಹಿಂದೆ ಬಣ್ಣದಕ್ಕ.

ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು. ಅದು ನಿಧಾನವಾಗಿ ಕೆಳಗಿಳಿಯಿತು. ಅವರ ಹಣೆಯಲ್ಲಿ ಗೆರೆ ಮೂಡಿತು.

“ಔಷಧಿ ಎಷ್ಟು ಸಲ ಆಯ್ತು?”

“ಐದು ಸಲ ಮೇಡಂ. ಬಾಟ್ಲಿ ತಂದಿದೀನಿ, ನೋಡಿ” ಎಂದಳು ಮಗಳು.

ಡಾಕ್ಟರಮ್ಮ ಬಾಟಲಿಯನ್ನು ಕಿಟಕಿಯತ್ತ ಹಿಡಿದರು. ತಳದಲ್ಲಿ ಸರಿಯಾಗಿ ಒಂದು ಸಲಕ್ಕಾಗುವಷ್ಟು ಉಳಿದಿತ್ತು. “ಊಟದ ಜೊತೆಗೇ ಕೊಟ್ರಿ ತಾನೆ? ಮುಚ್ಚಳದಲ್ಲೇ ಅಳೆದ್ರಾ?”

“ನಮ್ಮಮ್ಮನೇ ಕೊಟ್ಟಿರೋದು. ಅಳತೆಯಲ್ಲಿ ನಮ್ಮಮ್ಮ ಒಂದು ತೊಟ್ಟೂ ಆಚೀಚೆ ಮಾಡಲ್ಲ.”

ಹನ್ನೊಂದು ವರ್ಷದಲ್ಲಿ ಮಗಳು ಬೇರೆಯವರ ಮುಂದೆ ತಾಯಿಯನ್ನು ಹೊಗಳಿದ್ದು ಬಣ್ಣದಕ್ಕನಿಗೆ ನೆನಪಿರಲಿಲ್ಲ. ಬೆನ್ನಿಗೆ ಬರೆ ಇಟ್ಟಂತಾಯಿತು.

ಡಾಕ್ಟರಮ್ಮ ಚೀಟಿ ಎಳೆದುಕೊಂಡರು. “ಐದು ಸಲ ಸರಿಯಾಗಿ ಹೋಗಿಯೂ ಹೀಗಿದೆ ಅಂದ್ರೆ ಈ ಔಷಧಿಗೆ ಇದು ಬಗ್ಗಿಲ್ಲ. ಬೇರೆ ಔಷಧಿ ಬರೀತೀನಿ. ಅದು ಸ್ವಲ್ಪ ಗಟ್ಟಿ. ಮಗು ತಡ್ಕೊಳ್ಳಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗುತ್ತೆ.”

ಪೆನ್ನು ಕಾಗದದ ಮೇಲೆ ಓಡತೊಡಗಿತು. ದೊಡ್ಡಾಸ್ಪತ್ರೆ ಎಂಬ ಮಾತು ಕೇಳಿ ಮಗಳು ಮಗುವನ್ನು ಎದೆಗೊತ್ತಿಕೊಂಡಳು. ಅವಳ ಅಪ್ಪ ಹೋಗಿ ಬಾರದಿದ್ದದ್ದು ಅಲ್ಲಿಂದಲೇ. ಬಣ್ಣದಕ್ಕ ಓಡುತ್ತಿರುವ ಪೆನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡರೆ ಮಗಳು ತನ್ನನ್ನು ಹೀಗೇ ನಂಬಿಕೊಂಡಿರುತ್ತಾಳೆ. ಮಗುವಿಗೆ ಮಾತ್ರ ಬೇಡದ ಔಷಧಿ ಹೋಗುತ್ತದೆ. ಅವಳ ಮನಸ್ಸಿನಲ್ಲಿ ಪ್ರಾರ್ಥನೆ ಏಳಲಿಲ್ಲ. ಪ್ರಾರ್ಥಿಸುವ ಮುಖ ಅವಳಿಗಿರಲಿಲ್ಲ.

“ಎರಡು” ಎಂದಳು.

ಡಾಕ್ಟರಮ್ಮ ತಲೆಯೆತ್ತಿದರು. “ಏನು ಎರಡು?”

“ಎರಡೇ ಸಲ ಕೊಟ್ಟಿದ್ದು. ಮಿಕ್ಕ ಮೂರನ್ನೂ ಮೋರಿಗೆ ಚೆಲ್ಲಿದೆ.”

ಮಗಳು ತಾಯಿಯ ಕಡೆ ತಿರುಗಿ, ಕೂಗದೆ, “ನಾನು ಕೇಳಿದೆ ಅಲ್ವಾ ಅಮ್ಮ? ಕೊಟ್ಟೆಯಾ ಅಂತ ಕೇಳಿದೆ ಅಲ್ವಾ?” ಎಂದಳು.

“ಕೇಳಿದೆ.”

“ಮತ್ತೆ ಯಾಕಮ್ಮ?”

“ಉಚ್ಚೆಯಲ್ಲಿ ಬಣ್ಣ ಬಂತು.” ಬಣ್ಣದಕ್ಕ ಮಗಳ ಮುಖ ನೋಡಲಾರದೆ ಮೇಜಿನ ಮೇಲಿನ ಬಾಟಲಿಗೆ ಹೇಳಿದಳು. “ಹಳದಿ ಬಂತು.”

ಮಾತು ಹೊರಬಿದ್ದೇಬಿಟ್ಟಿತ್ತು. ಮಗಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಡಾಕ್ಟರಮ್ಮ ಮಾತ್ರ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. “ಯಾವ ಥರ ಹಳದಿ? ಸರಿಯಾಗಿ ಹೇಳಿ.”

ಈ ಪ್ರಶ್ನೆಯನ್ನು ಇಪ್ಪತ್ತಾರು ವರ್ಷದಿಂದ ಜನ ಅವಳಿಗೆ ಕೇಳುತ್ತಲೇ ಬಂದಿದ್ದರು. ಭಯದ ನಡುವೆಯೂ ಅವಳ ನಾಲಿಗೆ ತನ್ನ ಕೆಲಸವನ್ನು ತಾನೇ ಮಾಡಿತು.

“ಬೆಕ್ಕಿನ ಕಣ್ಣು” ಎಂದಳು.

“ಹಾಗಂದ್ರೆ?”

“ಹಸಿರು ಬೆರೆತ ಹಳದಿ. ಹೊಳಪಿರುತ್ತೆ. ಅದರಲ್ಲಿ ಕೆಂಪು ಒಂದು ಚೂರೂ ಇರಲ್ಲ. ನಮ್ಮನೆಯವರಿಗೆ ಕಾಮಾಲೆ ಆಗಿತ್ತಲ್ಲ, ಆಗ ಹೀಗಿರಲಿಲ್ಲ. ಅವರ ಉಚ್ಚೆ ಕಡುಚಹಾ. ಕೆಂಪು, ಕಂದು, ತಳದಲ್ಲಿ ಕಪ್ಪು. ಅದೇ ಬೇರೆ, ಇದೇ...”

ಅವಳು ಅಲ್ಲಿಗೇ ನಿಂತುಬಿಟ್ಟಳು. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು. ಅಂಗಡಿಗೆ ಬಂದ ಯಾವನಾದರೂ ಟೈಲರು ಈ ಎರಡು ಚೂರುಗಳನ್ನು ತಂದು ಎರಡೂ ಒಂದೇ ಎಂದಿದ್ದರೆ ಅವಳು ಅವನನ್ನು ಬಾಗಿಲಲ್ಲೇ ಗೇಲಿ ಮಾಡಿ ಕಳಿಸುತ್ತಿದ್ದಳು.

“ಅದೇ ಬೇರೆ, ಇದೇ ಬೇರೆ” ಎಂದು ಡಾಕ್ಟರಮ್ಮನೇ ಮಾತು ಮುಗಿಸಿದರು. “ನೀವು ಕಂಡಿದ್ದು ಔಷಧಿಯ ಬಣ್ಣ. ಈ ಔಷಧಿ ಕುಡಿದವರಲ್ಲಿ ಕೆಲವರಿಗೆ ಹಾಗೆ ಬರುತ್ತೆ, ನಿಲ್ಲಿಸಿದ ಮೇಲೆ ಹೋಗುತ್ತೆ.”

“ಜಾಲಾಡಿದ ನೀರು” ಎಂದು ಬಣ್ಣದಕ್ಕ ತನಗೇ ಹೇಳಿಕೊಂಡಳು. “ಹೆಚ್ಚಿನ ಬಣ್ಣ ಬಿಡ್ತಿತ್ತು ಅಷ್ಟೇ.”

“ಬನ್ನಿ ಇಲ್ಲಿ.” ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಹೊರಗೆ ಒಂಬತ್ತು ಗಂಟೆಯ ಬಿಸಿಲು. ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದರು. “ನಾನು ನೋಡಿದೆ. ಈಗ ನೀವು ನೋಡಿ. ಎಲ್ಲಿ ನೋಡಿದ್ರಿ ಮೊದಲು?”

“ಬಚ್ಚಲಲ್ಲಿ” ಎಂದಳು ಬಣ್ಣದಕ್ಕ. “ಬಲ್ಬಿನ ಕೆಳಗೆ.”

ಹಿಂದಿನಿಂದ ಮಗಳ ಗಂಟಲಲ್ಲಿ ಒಂದು ಸದ್ದು ಹೊರಟಿತು. ನಗುವೋ ಬಿಕ್ಕೋ ತಿಳಿಯಲಿಲ್ಲ. “ಬಲ್ಬಿನ ಕೆಳಗೆ! ನೀನು!”

ಮಗುವಿನ ಕಣ್ಣು ಗುಳಿ ಬಿದ್ದಿತ್ತು, ಆದರೆ ಅದರ ಬಿಳಿ ಬಿಳಿಯಾಗಿಯೇ ಇತ್ತು. ಏಳು ಬಗೆಯ ಮಾಸಲುಗಳಲ್ಲಿ ಯಾವುದೂ ಅದಲ್ಲ. ಬಣ್ಣದಕ್ಕ ಬಹಳ ಹೊತ್ತು ನೋಡಿದಳು. ಇಪ್ಪತ್ತಾರು ವರ್ಷ ಅವಳು ಗಿರಾಕಿಗಳಿಗೆ ಹೊಸ್ತಿಲ ಬೆಳಕಿನ ಪಾಠ ಹೇಳಿದ್ದೇ ಹೇಳಿದ್ದು. ತನ್ನ ಮನೆಯ ಕೂಸಿನ ವಿಷಯ ಬಂದಾಗ ನಾಲ್ಕು ಹೆಜ್ಜೆ ನಡೆದು ಹೊಸ್ತಿಲಿಗೆ ಬರಲಿಲ್ಲ. ಕಣ್ಣು ಕೊಟ್ಟವನು ಬೆಳಕನ್ನೂ ಕೊಟ್ಟಿದ್ದ. ಬೆಳಕಿಗೆ ಹೋಗಲು ಅವಳೇ ಹೆದರಿದ್ದಳು.

ಡಾಕ್ಟರಮ್ಮ ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಅವರಿಗೆ ಕೋಪ ಬಂದಿತ್ತು, ಅದನ್ನು ಮುಚ್ಚಿಡಲಿಲ್ಲ. “ಬಣ್ಣ ಬರಬಹುದು ಅಂತ ನಾನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಆದರೆ ಅಜ್ಜಿ, ಬಣ್ಣ ಕಂಡಿದ್ದಕ್ಕೆ ನಾನು ಬೈಯಲ್ಲ. ಕಂಡು ಕೇಳದೆ ಇದ್ದದ್ದಕ್ಕೆ ಬೈತೀನಿ. ನಿಜವಾಗ್ಲೂ ಕಣ್ಣು ಹಳದಿ ಆದ್ರೂ, ಮೈ ತುಂಬ ದದ್ದು ಎದ್ರೂ, ಏನೇ ಆದ್ರೂ ಫೋನ್ ಮಾಡಿ. ನಿಲ್ಲಿಸಬೇಕೋ ಬೇಡ್ವೋ ಅಂತ ನಾನು ಹೇಳ್ತೀನಿ. ಕೊಟ್ಟೆ ಅಂತ ಸುಳ್ಳು ಹೇಳಿದ್ರೆ ನಾನು ಕಣ್ಣು ಕಟ್ಟಿಕೊಂಡು ಔಷಧಿ ಬರೆದ ಹಾಗಾಗುತ್ತೆ. ಇನ್ನೊಂದು ನಿಮಿಷ ತಡ ಆಗಿದ್ರೆ ಬರೆದೂ ಬಿಟ್ಟಿದ್ದೆ.”

ಬಣ್ಣದಕ್ಕ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು.

ಮನೆಗೆ ಕಳಿಸಲಿಲ್ಲ. ಒಳಗಿನ ಹಾಸಿಗೆಯ ಮೇಲೆ ಮಗುವನ್ನು ಮಲಗಿಸಿ, ನಿಮಿಷಕ್ಕೊಂದು ಚಮಚದಂತೆ ಉಪ್ಪು ಸಕ್ಕರೆಯ ನೀರು ಕುಡಿಸಲು ಹೇಳಿದರು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಬೇಕು. ಮಧ್ಯಾಹ್ನದೊಳಗೆ ಮಗು ಉಚ್ಚೆ ಹೊಯ್ಯದಿದ್ದರೆ ದೊಡ್ಡಾಸ್ಪತ್ರೆಯೇ ಗತಿ. ಮಗಳು ಹಾಸಿಗೆಯ ಅಂಚಿನಲ್ಲಿ ಕುಳಿತು ಚಮಚ ಹಿಡಿದಳು. ಬಣ್ಣದಕ್ಕ ಕಾಲಬುಡದಲ್ಲಿ ನಿಂತಳು. ಕೂತುಕೊ ಎಂದು ಮಗಳು ಹೇಳಲಿಲ್ಲ, ಅವಳೂ ಕೂರಲಿಲ್ಲ.

ಹತ್ತಾಯಿತು, ಹನ್ನೊಂದಾಯಿತು. ಒಮ್ಮೆ ಎಲ್ಲವೂ ಹೊರಗೆ ಬಂತು. ಮಗಳು ಗಡಿಯಾರ ನೋಡಿ ಹತ್ತು ನಿಮಿಷ ಕಾದು, ಮತ್ತೆ ಶುರು ಮಾಡಿದಳು. ಸಿಸ್ಟರ್ ಬಂದು ಬಂದು ಇಣುಕಿ ಹೋದರು. ಕೊನೆಗೆ ಒಂದೂವರೆಯ ಹೊತ್ತಿಗೆ ಚಿನಕುರಳಿ ಕಣ್ಣು ತೆರೆದು ಬಹಳ ಗಂಭೀರವಾಗಿ, “ಉಚ್ಚೆ ಬಂತು” ಎಂದಳು. ಪಾತ್ರೆ ತರುವಷ್ಟರಲ್ಲಿ ಹಾಸಿಗೆಯಲ್ಲೇ ಆಗಿಹೋಯಿತು.

“ಹೋಗಲಿ ಬಿಡಿ, ಇಂಥ ಒಳ್ಳೆ ಉಚ್ಚೆಗೆ ಹಾಸಿಗೆ ಒಗೆಯೋಕೆ ನಂಗೇನೂ ಬೇಜಾರಿಲ್ಲ” ಎಂದರು ಸಿಸ್ಟರ್. ಮಗಳು ಮಗುವಿನ ಒದ್ದೆ ಬಟ್ಟೆಯಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ಬಣ್ಣದಕ್ಕ ಅವಳ ಭುಜದತ್ತ ಕೈ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು.

ಅಂದೇ ಸಂಜೆ ಹೊಸ ಬಾಟಲಿ ಬಂತು. ಮರುದಿನ ಬೆಳಿಗ್ಗೆಯಿಂದ, ಮತ್ತೆ ಮೊದಲಿನಿಂದ ಮೂರು ದಿನ ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಹಳೆಯ ಬಾಟಲಿಯಲ್ಲಿ ಉಳಿದದ್ದನ್ನು ಇಟ್ಟುಕೊಳ್ಳದೆ ಎಸೆಯಲು ಹೇಳಿದ್ದರು. ಈ ಸಲ ಪುಡಿಗೆ ನೀರು ಬೆರೆಸಿದ್ದು ಮಗಳು. ಮೇಲೆ ಗಂಟು ಉಳಿಯಿತು, ಬಹಳ ಹೊತ್ತು ಕುಲುಕಿದಳು. ಬಣ್ಣದಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅರ್ಧ ನೀರು ಮೊದಲು ಹಾಕಬೇಕು ಎಂದು ಹೇಳಲು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅಂಗಡಿಯ ಹಿಂದಿನ ಡ್ರಮ್ಮಿಗೆ ಅವಳು ಆಗಲೇ ಬೀಗವಿರುವ ಮುಚ್ಚಳ ಹಾಕಿಸಿದ್ದಳು. ಬೀಗ ಗಂಡನ ಹಳೆಯ ಪೆಟ್ಟಿಗೆಯದು. ಕುದಿಸಿ ಆರಿಸಿದ ನೀರಿನ ಹೂಜಿಯನ್ನು ಮಗುವಿಗೆ ಎಟುಕುವ ಕಡೆ ಇಟ್ಟಿದ್ದಳು.

ಎರಡು ದಿನ ಮಗಳೇ ಔಷಧಿ ಕೊಟ್ಟಳು. ತಾಯಿಯ ಜೊತೆ ಬೇಕಾದಷ್ಟು ಮಾತ್ರ ಮಾತು. “ಅನ್ನ ಆಯ್ತಾ?” “ಆಯ್ತು.” ಅಷ್ಟೇ. ಭೇದಿ ಇಳಿಯುತ್ತಾ ಬಂತು. ಬೇಕರಿಯವರು ಇನ್ನು ರಜೆ ಕೊಡುವುದಿಲ್ಲವೆಂದರು. ಭಾನುವಾರ ಬೆಳಿಗ್ಗೆ ಬಣ್ಣದಕ್ಕ ಎದ್ದು ಬಂದಾಗ ಮಗಳು ಆಗಲೇ ಹೊರಟುಹೋಗಿದ್ದಳು. ಬಾಟಲಿ ಊಟದ ತಟ್ಟೆಯ ಪಕ್ಕದಲ್ಲಿತ್ತು. ಅದರ ಮೈಮೇಲೆ, ಔಷಧಿಯ ಮಟ್ಟಕ್ಕೆ ಸರಿಯಾಗಿ, ಬಾಲ್‌ಪೆನ್ನಿನಿಂದ ಎಳೆದ ಒಂದು ಸಣ್ಣ ಗೆರೆ.

ಬಣ್ಣದಕ್ಕ ಆ ಗೆರೆಯನ್ನು ನೋಡುತ್ತಾ ಕುಳಿತಳು. ಗೆರೆ ಎಳೆದರೇನು, ಮೋರಿಗೆ ಚೆಲ್ಲಿದರೂ ಮಟ್ಟ ಇಳಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮಗಳು ಎಳೆದಿದ್ದಳು. ಎಳೆಯದೆ ಅವಳಿಗೆ ಹೊಸ್ತಿಲು ದಾಟಲು ಆಗಿರಲಿಕ್ಕಿಲ್ಲ. ನೋವಾಯಿತು, ಆದರೆ ನ್ಯಾಯವಾಗಿಯೇ ಇದೆ ಎನಿಸಿತು. ಮಗುವನ್ನು ಎಬ್ಬಿಸಿ, ಬೆಣ್ಣೆ ಹಾಕಿದ ಅನ್ನವನ್ನು ತುತ್ತು ತುತ್ತಾಗಿ ತಿನ್ನಿಸಿ, ಬಾಟಲಿ ಕುಲುಕಿ, ಮುಚ್ಚಳದಲ್ಲಿ ಅಳೆದಳು. ಕುಡಿಸುವಾಗ ಚಿನಕುರಳಿಯನ್ನು ರಸ್ತೆಗೆ ತೆರೆದ ಕಿಟಕಿಯ ಮುಂದೆ ನಿಲ್ಲಿಸಿಕೊಂಡಳು. ಎದುರು ಮನೆಯವರು ನೋಡಲಿ, ಹಾದಿಯಲ್ಲಿ ಹೋಗುವವರು ನೋಡಲಿ.

“ಅಜ್ಜೀ, ಬಿಸಿಲು ಕಣ್ಣಿಗೆ ಹೊಡೀತಿದೆ” ಎಂದಿತು ಮಗು.

“ಹೊಡೀಲಿ ಬಿಡು. ಕುಡಿ.”

ಮಧ್ಯಾಹ್ನ ಮಗ್ಗನ್ನು ಬಚ್ಚಲಿನಿಂದ ಹೊರಗೆ ತಂದು, ಮೆಟ್ಟಿಲ ಮೇಲಿನ ಬಿಸಿಲಿಗೆ ಹಿಡಿದು ನೋಡಿದಳು. ಕೆಳಗಿನಿಂದ ಯಜಮಾನರು ಕೂಗಿದರು. “ಅದಕ್ಕೂ ನಮೂನೆ ನೋಡ್ತಿದೀಯಾ ತಾಯಿ? ಯಾವ ಗಿರಾಕಿದು?”

“ಮನೇದೇ” ಎಂದಳು.

ಸಂಜೆ ಮಗಳು ಬಂದಳು. ಚಪ್ಪಲಿ ಬಿಟ್ಟಳು, ಕೈಕಾಲು ತೊಳೆದಳು, ತನ್ನ ಕಾಲಿಗೆ ಜೋತುಬಿದ್ದ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಬಾಟಲಿ ಅವಳ ಎದುರಿಗೇ ಇತ್ತು. ಅವಳ ಕಣ್ಣು ಅದರತ್ತ ಹೋಯಿತು. ಬಣ್ಣದಕ್ಕ ಸೌಟು ಹಿಡಿದುಕೊಂಡು ಕಾದಳು. ಮಗಳು ಬಾಟಲಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಗೆರೆಯ ಕಡೆಯಿಂದ ಮುಖ ತಿರುಗಿಸಿ, ಮಗುವಿನ ಕೂದಲನ್ನು ಹಿಂದಕ್ಕೆ ಸರಿಸುತ್ತಾ, ತಾಯಿಯನ್ನು ನೋಡದೆಯೇ ಕೇಳಿದಳು.

“ಇವತ್ತು ಯಾವ ಹಳದಿ ಇತ್ತಮ್ಮ?”

ಸೌಟು ಪಾತ್ರೆಯ ಅಂಚಿಗೆ ತಾಗಿ ಸಣ್ಣಗೆ ಸದ್ದಾಯಿತು.

“ಬೆಕ್ಕಿನ ಕಣ್ಣು” ಎಂದಳು ಬಣ್ಣದಕ್ಕ. ಸೌಟನ್ನು ಕೆಳಗಿಟ್ಟು ಮುಂದುವರಿಸಿದಳು. “ಮೆಟ್ಟಿಲ ಮೇಲೆ, ಬಿಸಿಲಲ್ಲಿ ನೋಡಿದೆ. ಕೆಂಪು ಒಂದು ಚೂರೂ ಇರಲಿಲ್ಲ.”

“ಸರಿ” ಎಂದಳು ಮಗಳು. ಆಮೇಲೆ ಮಗುವನ್ನು ಇಳಿಸಿ, ಕೊನೆಯ ಸಲದ ಔಷಧಿಗೆಂದು ಅನ್ನ ಕಲಸಲು ತಟ್ಟೆ ತೆಗೆದಳು.